ಉಣ್ಣದ ಉಡಗಳ ಚಳಿಗಾಲ

ತಾಂಡೂರಿನ ಹೊರವಲಯದ ಕಲ್ಲುಗಣಿಗಳ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪುಷ್ಯ ಮಾಸದ ಚಳಿ. ಗಣಿಯ ತಳದಲ್ಲಿ ನಿಂತ ನೀರಿನ ಮೇಲೆ ಮಂಜು ಹಾಗೇ ಕೂತಿದೆ. ಲಾರಿಗಳು ಬರಲು ಇನ್ನೂ ಹೊತ್ತಿದೆ. ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬರು ತುಂಡುಗಲ್ಲಿನ ಹಳೆಯ ಗುಡ್ಡೆಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೇಲಿನ ಚಪ್ಪಡಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದಾರೆ. ಎತ್ತುವಾಗಲೂ ಸಪ್ಪಳವಿಲ್ಲ, ಇಡುವಾಗಲೂ ಇಲ್ಲ. ಪ್ರತಿ ಕಲ್ಲು ಎತ್ತಿದ ಮೇಲೆ ಅದರ ಅಡಿಯ ಸಂದಿಗೆ ಅಂಗೈ ಚಾಚಿ ತಡವುತ್ತಾರೆ. ಹಾವು, ಚೇಳು ಇರುವ ಜಾಗ. ಆ ಕೈಗೆ ಅದರ ಅಂಜಿಕೆ ಇದ್ದಂತಿಲ್ಲ, ಆದರೆ ಎಚ್ಚರ ಇದೆ.

ಗುಡ್ಡೆ ಸೊಂಟದ ಮಟ್ಟಕ್ಕೆ ಇಳಿದಾಗ ಕೈ ನಿಲ್ಲುತ್ತದೆ. ಎರಡು ಚಪ್ಪಡಿಗಳ ನಡುವಿನ ಕತ್ತಲಲ್ಲಿ ಮೊಣಕೈ ಉದ್ದದ ಉಡವೊಂದು ಬಾಲ ಸುತ್ತಿಕೊಂಡು ಮಲಗಿದೆ. ಕಣ್ಣು ಮುಚ್ಚಿದೆ. ಮೈ ಕಲ್ಲಿನಷ್ಟೇ ತಣ್ಣಗಿದೆ. ನೋಡಿದವರು ಸತ್ತಿದೆ ಎಂದೇ ಹೇಳುತ್ತಾರೆ. ಆ ಹೆಂಗಸು, ಮೋನಮ್ಮ, ಅದರ ಹೊಟ್ಟೆಯ ಅಡಿಗೆ ಅಂಗೈ ಇಟ್ಟು ಕಾಯುತ್ತಾರೆ. ಬಹಳ ಹೊತ್ತಿನ ಮೇಲೆ ಪಕ್ಕೆ ಒಮ್ಮೆ ಉಬ್ಬಿ ಇಳಿಯುತ್ತದೆ. ಅಷ್ಟು ಸಾಕು. ಬಾಲದ ಬುಡವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡಿ, ಗೋಣಿಚೀಲ ಹಾಸಿದ ಬುಟ್ಟಿಯೊಳಗೆ ಮಲಗಿಸಿ, ಮೇಲೊಂದು ಚೀಲ ಹೊದಿಸುತ್ತಾರೆ. ಅಷ್ಟರಲ್ಲಿ ಮೊದಲ ಲಾರಿಯ ದೀಪ ತಿರುವಿನಲ್ಲಿ ಕಾಣಿಸುತ್ತದೆ.

ಐವತ್ತು ದಾಟಿದ ಮೋನಮ್ಮ ಈ ಗಣಿಯಲ್ಲಿ ಕಲ್ಲು ಹೊರುವ ಕೂಲಿ. ಕಲ್ಲೊಡೆಯುವವರು ಸೀಳಿ ತೆಗೆದ ಚಪ್ಪಡಿಗಳಲ್ಲಿ ಅಂಚು ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು ಆರಿಸಿ ಆಚೆ ಒಟ್ಟುವುದು ಅವರ ಕೆಲಸ. ಹಾಗೆ ಒಟ್ಟಿದ ಗುಡ್ಡೆಗಳು ಎಷ್ಟೋ ವರ್ಷ ಯಾರಿಗೂ ಬೇಡವಾಗಿ ಬಿದ್ದಿದ್ದವು. ಹುಲ್ಲು ಬೆಳೆಯಿತು, ಇಲಿ ಸೇರಿಕೊಂಡವು, ಇಲಿಯ ಹಿಂದೆ ಉಡಗಳು ಬಂದವು. ಈಗ ಸುತ್ತಲೆಲ್ಲ ರಸ್ತೆ ಕೆಲಸ ನಡೆದು, ತಳಕ್ಕೆ ಹಾಕಲು ಈ ಮುರುಕು ಕಲ್ಲಿಗೂ ಬೇಡಿಕೆ ಬಂದಿದೆ. ನೆಲ ಒಣಗಿ ಲಾರಿ ಇಳಿಯಲು ಹದವಾಗುವುದು ಚಳಿಗಾಲದಲ್ಲೇ. ಉಡಗಳು ಓಡಲಾರದೆ ಮರಗಟ್ಟಿ ಮಲಗುವುದೂ ಆಗಲೇ. ಗುಡ್ಡೆ ಬಿಚ್ಚಿದಾಗ ಸಿಕ್ಕವು ಸಲಿಕೆಗೆ ಸಿಕ್ಕಿ ಸಾಯುತ್ತವೆ, ಇಲ್ಲವೇ ಯಾರದೋ ಒಲೆ ಸೇರುತ್ತವೆ.

"ಈ ಗುಡ್ಡಿ ಒಟ್ಟಿದೋರು ನಾವೇ ರಿ. ನಮ್ಮ ತಲಿ ಮ್ಯಾಲಿನ ಕಲ್ಲು ಇವು," ಎನ್ನುತ್ತಾರೆ ಮೋನಮ್ಮ. "ಅವು ಪಾಪ ಮನಿ ಅಂತ ತಿಳಕೊಂಡು ಮಲಗ್ಯಾವ. ಬಿಚ್ಚೋರೂ ನಾವೇ. ಮತ್ತ ಎತ್ತಿ ಇಡೋರು ಯಾರು?"

ಕಳೆದ ಹನ್ನೆರಡು ವರ್ಷಗಳಿಂದ ಚಳಿಗಾಲ ಬಂದರೆ ಮೋನಮ್ಮನಿಗೆ ದಿನಕ್ಕೆ ಎರಡು ಕೆಲಸ. ನಸುಕಿನಲ್ಲಿ ಉಡ ಹುಡುಕುವುದು ಒಂದು, ಬೆಳಗಾದ ಮೇಲೆ ಕಲ್ಲು ಹೊರುವುದು ಇನ್ನೊಂದು. ಮೊದಲನೆಯದಕ್ಕೆ ಕೂಲಿ ಇಲ್ಲ. ಕೆಲವು ವರ್ಷ ನಾಲ್ಕೈದು ಸಿಗುತ್ತವೆ, ಕೆಲವು ವರ್ಷ ಒಂದೇ. ಸಿಕ್ಕವನ್ನು ಮನೆಯಲ್ಲಿಟ್ಟು ಕಾಯುತ್ತಾರೆ. ಬಿಸಿಲು ಬಲಿತ ಮೇಲೆ ಹಳ್ಳದ ದಂಡೆಗೆ ಒಯ್ದು ಬಿಡುತ್ತಾರೆ. ನಡುವೆ ಅವಕ್ಕೆ ಊಟ ಹಾಕುವುದಿಲ್ಲ. ಈ ಒಂದು ಮಾತು ಅವರು ಸುಲಭವಾಗಿ ಕಲಿತದ್ದಲ್ಲ.

ಮೋನಮ್ಮ ಹುಟ್ಟಿದ್ದು ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಬೀದರ, ಗುಲ್ಬರ್ಗಗಳು ಆ ಕಡೆಗೆ, ತಾಂಡೂರು, ನಾರಾಯಣಖೇಡಗಳು ಈ ಕಡೆಗೆ ಎಂದು ರಾಜ್ಯಗಳ ಗೆರೆ ಬಿದ್ದ ಮರುವರ್ಷ ಮದುವೆಯಾಯಿತು. ಗಂಡ ಶಿವರಾಯ ತಾಂಡೂರಿನ ಗಣಿಯಲ್ಲಿ ಕಲ್ಲು ಸೀಳುವವರು. ಉಳಿಯನ್ನು ಸಾಲಾಗಿ ಹೊಡೆಯುತ್ತ ಹೋಗಿ ಚಪ್ಪಡಿಯನ್ನು ರೊಟ್ಟಿ ಎಬ್ಬಿಸಿದ ಹಾಗೆ ಎಬ್ಬಿಸುತ್ತಿದ್ದರಂತೆ. ಕೆಲಸದ ಕೈ ಎಷ್ಟು ಗಟ್ಟಿಯೋ ಮನಸ್ಸು ಅಷ್ಟು ಮೆತ್ತಗೆ. ಒಬ್ಬಳೇ ಮಗಳು ದ್ರೌಪದಿಯನ್ನು ಝರಾಸಂಗಮಕ್ಕೆ ಕೊಟ್ಟು ಮದುವೆ ಮಾಡಿದ ಮೇಲೆ ಮನೆ ಬಿಕೋ ಎನ್ನತೊಡಗಿತು. ಆ ಮಳೆಗಾಲದಲ್ಲೇ ಶಿವರಾಯ ರುಮಾಲಿನಲ್ಲಿ ಸುತ್ತಿಕೊಂಡು ಉಡದ ಮರಿಯೊಂದನ್ನು ಮನೆಗೆ ತಂದರು. ಕಲ್ಲು ಉರುಳಿ ಅದರ ಮುಂಗಾಲೊಂದು ಜಜ್ಜಿಹೋಗಿತ್ತು.

ಮೋನಮ್ಮನಿಗೆ ಮೊದಲು ಅದು ಮನೆಯೊಳಗೆ ಬರುವುದೇ ಬೇಡವಾಗಿತ್ತು. ಕುರಿ ಮರಿಯಾದರೆ ಬೇರೆ ಮಾತು, ಹಲ್ಲಿಯ ಜಾತಿಯನ್ನು ಯಾರು ಸಾಕುತ್ತಾರೆ ಎಂದು ಗಂಡನೊಡನೆ ಜಗಳ ಮಾಡಿದರು. ಶಿವರಾಯ ಗಾಯಕ್ಕೆ ಅರಿಸಿನ ಮೆತ್ತಿ, ಅಂಗಳದಲ್ಲಿ ಬುಟ್ಟಿಯ ಕೆಳಗೆ ಇಟ್ಟರು. ಕಾಲು ಒಣಗಿ ಉದುರಿತು, ಮರಿ ಬದುಕಿತು. ಮೂರೇ ಕಾಲಿನಲ್ಲಿ ಅಂಗಳವೆಲ್ಲ ಓಡಾಡಿ ಜಿರಲೆ, ಮಿಡತೆ, ಇಲಿಮರಿ ಹಿಡಿದು ತಿನ್ನತೊಡಗಿತು. ಕೋಳಿಮೊಟ್ಟೆ ಕಂಡರೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದ ಮೇಲೆಯೇ ಏಳುತ್ತಿತ್ತು, ಎದ್ದು ಬಿಸಿಲಿಗೆ ಹೊಟ್ಟೆ ಹಚ್ಚಿ ಮಲಗಿ ಮೈ ಕಾಯಿಸಿಕೊಂಡೇ ಉಳಿದ ಕೆಲಸ. ಶಿವರಾಯ ಅದನ್ನು 'ದೊರಿ' ಎಂದು ಕರೆದರು. ಗಣಿಯಿಂದ ಬಂದು ಕೈಕಾಲು ತೊಳೆಯುವ ಮೊದಲು, ದೊರಿ ಉಂಡನೇನು ಎಂದು ಕೇಳುವುದು ರೂಢಿಯಾಯಿತು. ಅವರು ಹಾಗೆ ಕೇಳುವುದನ್ನು ಕೇಳಿ ಕೇಳಿ ಮೋನಮ್ಮನಿಗೂ ಅದು ಮನೆಯ ಜೀವವಾಯಿತು.

ದೀಪಾವಳಿ ಕಳೆದ ಮೇಲೆ ದೊರಿ ಊಟ ಕಡಿಮೆ ಮಾಡಿತು. ಮೊದಲು ಮೊಟ್ಟೆಯನ್ನು ಅರ್ಧ ಬಿಟ್ಟಿತು, ಆಮೇಲೆ ಮೂಸಿ ನೋಡಿ ಹೊರಳಿತು. ಒಂದು ಬೆಳಿಗ್ಗೆ ಬಿಸಿಲು ಬಂದರೂ ಏಳಲಿಲ್ಲ. ಎತ್ತಿಕೊಂಡರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಗಂಡ ಹೆಂಡತಿ ಇಬ್ಬರಿಗೂ ದಿಗಿಲಾಯಿತು. ಉಣ್ಣದ ಜೀವ ಎಷ್ಟು ದಿನ ಇದ್ದೀತು ಎಂದು ಶಿವರಾಯ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬಾಯಿಯ ಮೂಲೆಗೆ ಚಮಚ ತೂರಿಸಿ ಮೊಟ್ಟೆಯ ಲೋಳೆ ಕುಡಿಸಿದರು. ಚಳಿಯಾಗಿದೆ ಎಂದು ಮೋನಮ್ಮ ಒಲೆಯ ಪಕ್ಕದಲ್ಲಿ ಜಾಗ ಮಾಡಿದರು. ಒಲೆಯ ಕಾವಿಗೆ ಅದು ಎದ್ದು ತಡವರಿಸಿಕೊಂಡು ಓಡಾಡುವುದು, ಒಲೆ ಆರಿದ ಮೇಲೆ ಮತ್ತೆ ಬಿದ್ದುಕೊಳ್ಳುವುದು. ಹೀಗೆ ಕೆಲವು ದಿನ ಕಳೆದ ಮೇಲೆ, ಕುಡಿಸಿದ್ದೆಲ್ಲ ಹುಳಿತು ನಾರುತ್ತ ಬಾಯಿಂದ ಹೊರಗೆ ಬಂತು. ದೊರಿಯ ಹೊಟ್ಟೆ ಉಬ್ಬಿಕೊಂಡಿತ್ತು.

ಶಿವರಾಯ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ನಡೆದರು. ಅಲ್ಲಿದ್ದವರು ಕಂಪೌಂಡರ್ ಗಂಗಾರಾಮ. ಎಮ್ಮೆ, ಕುರಿಗಳಿಗೆ ಸೂಜಿ ಹಾಕುವುದರಲ್ಲಿ ಹೆಸರಾದವರು. ಬುಟ್ಟಿಯ ಚೀಲ ಸರಿಸಿ ನೋಡಿ ಅವರು ನಗಲಿಲ್ಲ, ಬೈಯಲೂ ಇಲ್ಲ. ಇದರ ವಿದ್ಯೆ ತನಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿ, ಡಾಕ್ಟರು ಬರುವವರೆಗೆ ಕೂರಿಸಿದರು. ಡಾಕ್ಟರು ಬಂದು ದೊರಿಯ ಹೊಟ್ಟೆ ಮುಟ್ಟಿ, ಏನೇನು ತಿನ್ನಿಸಿದಿರಿ, ಎಲ್ಲಿ ಮಲಗಿಸಿದಿರಿ ಎಂದು ಕೇಳಿ ತಿಳಿದರು. ಹಾವು, ಹಲ್ಲಿ, ಉಡಗಳ ಮೈಗೆ ತನ್ನದೇ ಕಾವು ಇರುವುದಿಲ್ಲ, ಹೊರಗಿನ ಬಿಸಿಲೇ ಅವುಗಳ ಒಲೆ, ಬಿಸಿಲು ಇಳಿದರೆ ಹೊಟ್ಟೆಯಲ್ಲಿ ಬಿದ್ದದ್ದು ಅರಗದೆ ಕೊಳೆಯುತ್ತದೆ ಎಂದು ಬಿಡಿಸಿ ಹೇಳಿದರು. ಅದು ಊಟ ಬಿಟ್ಟದ್ದು ರೋಗದಿಂದ ಅಲ್ಲ, ಚಳಿಗಾಲಕ್ಕೆ ತಯಾರಾಗಲು. ಮಳೆಗಾಲದಲ್ಲಿ ತಿಂದದ್ದು ಬಾಲದ ಬುಡದಲ್ಲಿ ಕೊಬ್ಬಾಗಿ ಕೂತಿರುತ್ತದೆ, ಅದೇ ಅದರ ಬುತ್ತಿ. ಇಲ್ಲಿಯವರೆಗೆ ಕೇಡು ಮಾಡಿದ್ದು ಚಮಚ ಮತ್ತು ಒಲೆ.

ಮನೆಗೆ ಬಂದ ಶಿವರಾಯ ನೀರು ತುಂಬುವ ಹಳೆಯ ದೊಡ್ಡ ಮಣ್ಣಿನ ಹರವಿಯೊಂದನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಒಣಮಣ್ಣು, ಜೋಳದ ಒಣಗರಿಯ ರವದಿ ತುಂಬಿ, ದೊರಿಯನ್ನು ಅದರೊಳಗೆ ಬಿಟ್ಟರು. ನಾಯಿ, ಬೆಕ್ಕು ಬಾಯಿ ಹಾಕದಂತೆ ತೂತು ಕೊರೆದ ಚಪ್ಪಡಿಯನ್ನು ಬಾಯಿಗೆ ಆನಿಸಿದರು. ಬಿಸಿಲೂ ತಾಗದ, ಒಲೆಯ ಕಾವೂ ತಾಗದ ಬಡಗಣ ಗೋಡೆಯ ಮೂಲೆ. ಒಂದು ಬಟ್ಟಲು ನೀರು ಬಿಟ್ಟರೆ ಮತ್ತೇನೂ ಇಡಲಿಲ್ಲ.

"ಅದಕ್ಕ ಊಟ ಇಡಲಾರದ ನಾವು ಉಣ್ಣಾಕ ಕುಂತ್ರ ತುತ್ತು ಇಳೀತಿರಲಿಲ್ಲರಿ," ಎಂದು ಆ ದಿನಗಳನ್ನು ಮೋನಮ್ಮ ನೆನೆಯುತ್ತಾರೆ. "ಏನಾರ ಮಾಡೋದು ಸಸಾರ. ಸುಮ್ಮನ ಕೂಡೋದು ಭಾಳ ವಜ್ಜ."

ಮಹಾಶಿವರಾತ್ರಿಯ ಹೊತ್ತಿಗೆ ಬಿಸಿಲು ಚುರುಕಾಯಿತು. ಒಂದು ಮಧ್ಯಾಹ್ನ ಹರವಿಯ ಬಾಯಲ್ಲಿ ಸೀಳುನಾಲಗೆಯೊಂದು ಆಡಿತು. ಮೋನಮ್ಮ ಕಲ್ಲು ಸರಿಸಿದರು. ದೊರಿ ಮಣ್ಣು ಮೆತ್ತಿದ ಮೈಯಲ್ಲಿ ಹೊರಬಂದು, ಅಂಗಳದ ಬಿಸಿಲಿನಲ್ಲಿ ಬಹಳ ಹೊತ್ತು ಮಲಗಿತು. ಮೂರನೆಯ ದಿನ ಮೊಟ್ಟೆ ತಿಂದಿತು. ಆ ಸಂಜೆ ಶಿವರಾಯ ಅದರ ಮುಂದೆ ಸುಮ್ಮನೆ ಕೂತೇ ಇದ್ದರಂತೆ, ದೀಪ ಹಚ್ಚುವವರೆಗೂ.

ಮುಂದಿನ ಚಳಿಗಾಲ ದೊರಿ ಊಟ ಬಿಟ್ಟಾಗ ಯಾರೂ ಗಾಬರಿಯಾಗಲಿಲ್ಲ. ಓಣಿಯವರು ನಕ್ಕರು, ಶಿವರಾಯನೂ ನಕ್ಕರು. ಆ ವರ್ಷವೇ ಹಳೆಯ ಗುಡ್ಡೆಗಳನ್ನು ಸಾಗಿಸುವುದು ಶುರುವಾಯಿತು. ಮೊದಲ ಗುಡ್ಡೆಯಲ್ಲೇ ಇನ್ನೊಂದು ಉಡ ಸಿಕ್ಕಿತು. ಅದನ್ನೂ ಮನೆಗೆ ತಂದು ಇನ್ನೊಂದು ಮಡಕೆಯಲ್ಲಿ ಮಲಗಿಸಿದರು. ಅದೂ ಉಣ್ಣಲಿಲ್ಲ. ನಿದ್ದೆ ಎಂದುಕೊಂಡು ಬಿಟ್ಟರು. ಸಂಕ್ರಾಂತಿಯ ನಂತರ ನೀರಿನ ಬಟ್ಟಲು ತುಂಬಲು ಹೋದ ಮೋನಮ್ಮ ಅದನ್ನು ಮುಟ್ಟಿ ನೋಡಿದರು. ಬಾಲದ ಬುಡ ಒಣಗಿ ಕಡ್ಡಿಯಾಗಿತ್ತು. ಕಣ್ಣು ಗುಳಿಬಿದ್ದಿದ್ದವು. ಬಾಯಿ ತುಸು ತೆರೆದು ಒಳಗೆ ಲೋಳೆ ಕಟ್ಟಿತ್ತು. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಯಿತು. ಅದು ಮಲಗಿರಲಿಲ್ಲ, ಬೇನೆ ಬಿದ್ದಿತ್ತು ಎಂದು ಗಂಗಾರಾಮ ಹೇಳಿದರು. ಉಣ್ಣದಿರುವುದು ಎರಡಕ್ಕೂ ಒಂದೇ ತರ ಕಾಣುತ್ತದೆ, ನೋಡಬೇಕಾದ್ದು ಬೇರೆ ಕಡೆ ಎಂದರು.

ಅಂದಿನಿಂದ ಮಡಕೆಗಳಲ್ಲಿ ಮಲಗಿದವನ್ನು ಆಗಾಗ ತೂಗುವ ಏರ್ಪಾಡಾಯಿತು. ಮನೆಯಲ್ಲಿ ತೂಕದ ಬಟ್ಟು ಇರಲಿಲ್ಲ. ಶಿವರಾಯ ಬಿದಿರಿನ ತಕ್ಕಡಿ ಕಟ್ಟಿದರು. ಒಂದು ತಟ್ಟೆಯಲ್ಲಿ ಉಡ, ಇನ್ನೊಂದರಲ್ಲಿ ಕಲ್ಲಿನ ಚಕ್ಕೆ. ಸರಿದೂಗಿದ ಚಕ್ಕೆಗಳನ್ನು ಅದೇ ಮಡಕೆಯ ಪಕ್ಕ ಗುಪ್ಪೆ ಹಾಕಿಡುವುದು, ಮುಂದಿನ ಸಲ ಅವೇ ಚಕ್ಕೆ ಇಟ್ಟು ನೋಡುವುದು. ನಿದ್ದೆಯಲ್ಲಿರುವುದು ಅಷ್ಟಿಷ್ಟು ಹಗುರಾಗುತ್ತದೆ, ಬಹಳ ಅಲ್ಲ. ಚಕ್ಕೆಯ ಕಡೆ ತಟ್ಟೆ ದಪ್ಪನೆ ಕೆಳಗೆ ಹೋದರೆ ಅದು ಬೇನೆ, ಹೊತ್ತು ಕಳೆಯದೆ ಗಂಗಾರಾಮನ ಹತ್ತಿರ ಓಡಬೇಕು. ಕೆಲವನ್ನು ಅವರು ಉಳಿಸಿದರು, ಕೆಲವನ್ನು ಉಳಿಸಲಾಗಲಿಲ್ಲ.

ದೊರಿ ಬಂದ ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಶಿವರಾಯನೇ ಊಟ ಬಿಟ್ಟರು.

ಕೆಮ್ಮು ಅವರಿಗೆ ಹೊಸದಾಗಿರಲಿಲ್ಲ. ಗಣಿಯಲ್ಲಿ ಕೆಮ್ಮದವರು ಯಾರೂ ಇಲ್ಲ. ಕಲ್ಲಿನ ಧೂಳು ಬೆಲ್ಲ ತಿಂದರೆ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಆ ವರ್ಷ ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಕೆಲಸದಿಂದ ಬಂದವರೇ ಕೌದಿ ಹೊದ್ದು ಮಲಗುವರು. ಪಕ್ಕದ ಮನೆಯ ಬಂಡಮ್ಮ, ಥಂಡಿಗೆ ಹೀಗೇ ಆಗುತ್ತದೆ, ಬಿಸಿಲು ಬಿದ್ದರೆ ಏಳುತ್ತಾನೆ ಎಂದರು. ಶಿವರಾಯನೂ ಅದನ್ನೇ ಹಿಡಿದುಕೊಂಡರು.

"ನಾನೂ ದೊರಿ ಆಗೀನಿ ಮೋನಿ," ಎಂದು ಕೌದಿಯೊಳಗಿಂದ ಹೇಳಿದರು. "ಶಿವರಾತ್ರಿಗಿ ಎಬ್ಬಸು."

ಮೋನಮ್ಮನಿಗೆ ನಗು ಬಂತು. ಬಂದ ನಗು ಅಲ್ಲೇ ನಿಂತಿತು. ಮರುದಿನ ಗಂಡನಿಗೆ ಸ್ನಾನಕ್ಕೆ ನೀರು ಹಾಕುವಾಗ ಅವರು ನೋಡಿದರು. ಸೊಂಟಕ್ಕೆ ಬಿಗಿಯಾಗಿ ಕೂತಿರುತ್ತಿದ್ದ ಉಡದಾರ ಜಾರಿ ತೊಡೆಯ ಮೇಲೆ ಬಂದಿತ್ತು. ರಟ್ಟೆಯ ಮೇಲೆ ಅಂಗೈ ಇಟ್ಟರು. ಉಳಿ ಹೊಡೆದು ಗಟ್ಟಿಯಾಗಿದ್ದ ರಟ್ಟೆ ಅಂಗೈಯೊಳಗೆ ಸೇರಿಕೊಂಡಿತು. ಆ ಹೊತ್ತಿನಲ್ಲಿ ಆದದ್ದನ್ನು ಹೇಳುವಾಗ ಮೋನಮ್ಮ ದನಿ ಏರಿಸುವುದಿಲ್ಲ.

"ಮೈಯಾಗಿನ ಬುತ್ತಿ ತೀರ್ಯದ ಅಂತ ಕೈಗೆ ಗೊತ್ತಾತು ರಿ. ಇದು ನಿದ್ದಿ ಅಲ್ಲ. ನಾ ಮತ್ತ ಯಾರನ್ನೂ ಕೇಳಲಿಲ್ಲ."

ಶಿವರಾಯ ಬರುವುದಿಲ್ಲ ಎಂದು ಹಟ ಹಿಡಿದರು. ದವಾಖಾನೆಗೆ ಹೋದ ಗಣಿಯವರು ತಿರುಗಿ ಕೆಲಸಕ್ಕೆ ಬಂದದ್ದನ್ನು ಅವರು ಕಂಡಿರಲಿಲ್ಲ, ಆ ಅಂಜಿಕೆ. ಮೇಸ್ತ್ರಿ ಕಾಶಪ್ಪ, ನಾಲ್ಕು ದಿನ ನೋಡಿ ಹೋಗಿರಿ ಎಂದರು. ಮೋನಮ್ಮ ನೋಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಗಂಡನನ್ನು ಹತ್ತಿಸಿಕೊಂಡು ಜಹೀರಾಬಾದಿಗೆ ಹೊರಟರು. ಅಲ್ಲಿ ಅವರ ತಂಗಿ ಸಕ್ಕುಬಾಯಿಯ ಮನೆ ಇತ್ತು, ಆ ಕಡೆ ಎದೆರೋಗ ನೋಡುವ ಡಾಕ್ಟರೊಬ್ಬರು ಇದ್ದಾರೆ ಎಂದು ಗಂಗಾರಾಮ ಹೇಳಿದ್ದರು. ದಾರಿಯುದ್ದಕ್ಕೂ ಶಿವರಾಯ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದರು. ಕಬ್ಬಿನ ಬಂಡಿಗಳು ಎದುರಾಗಿ ಬಸ್ಸು ನಿಂತಾಗಲೆಲ್ಲ ಮೋನಮ್ಮ ಅವರ ಕೈ ಹಿಡಿದು ನೋಡುತ್ತಿದ್ದರು, ಬೆಚ್ಚಗಿದೆಯೋ ಇಲ್ಲವೋ ಎಂದು.

ಕಲ್ಲಿನ ಧೂಳಿನಿಂದ ಕೆಟ್ಟ ಎದೆಗೆ ಕ್ಷಯವೂ ಸೇರಿಕೊಂಡಿತ್ತು. ಇನ್ನೂ ಸ್ವಲ್ಪ ದಿನ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು. ಸೂಜಿ, ಗುಳಿಗೆ, ಮತ್ತೆ ಸೂಜಿ. ಸಕ್ಕುಬಾಯಿಯ ಮನೆಯಲ್ಲೇ ಆ ಚಳಿಗಾಲ, ಅದರ ಮುಂದಿನ ಬೇಸಿಗೆ ಕಳೆಯಿತು. ತಾಂಡೂರಿನಲ್ಲಿ ದೊರಿಯ ಹರವಿಯನ್ನು ಬಂಡಮ್ಮ ನೋಡಿಕೊಂಡರು. ನೀರು ಮಾತ್ರ ಇಡು, ಅದು ಎದ್ದು ಹೊರಗೆ ಬರುವವರೆಗೆ ಬೇರೆ ಏನೂ ಬೇಡ ಎಂದು ಮೋನಮ್ಮ ಎರಡೆರಡು ಸಲ ಹೇಳಿ ಹೋಗಿದ್ದರು. ಉಡ ಎಂದರೆ ದೂರ ನಿಲ್ಲುತ್ತಿದ್ದ ಬಂಡಮ್ಮ ದಿನಾ ಹೋಗಿ ಚಪ್ಪಡಿಯ ತೂತಿನಲ್ಲಿ ಇಣುಕಿ ಬರುತ್ತಿದ್ದರಂತೆ.

ಶಿವರಾಯ ಉಳಿದರು. ಆದರೆ ಉಳಿ ಹಿಡಿಯುವ ಎದೆ ಮತ್ತೆ ಬರಲಿಲ್ಲ. ಅವರ ಕೂಲಿ ನಿಂತು, ಈಗ ಮೋನಮ್ಮನ ತಲೆಯ ಮೇಲಿನ ಕಲ್ಲುಗಳಿಂದಲೇ ಮನೆ ನಡೆಯಬೇಕಾಯಿತು. ಅವರು ಬೆಳಗಿನಿಂದ ಸಂಜೆವರೆಗೆ ಹೊತ್ತರು. ಮನೆಯಲ್ಲಿ ಕೂತ ಶಿವರಾಯ ಉಡಗಳ ಚಾಕರಿ ಹಿಡಿದರು. ಹೆಂಡತಿ ಗುಡ್ಡೆಗಳಿಂದ ಹುಡುಕಿ ತಂದದ್ದನ್ನು ತೂಗುವುದು, ಮಡಕೆಗೆ ಮಣ್ಣು ಹದ ಮಾಡುವುದು, ಬಿಸಿಲು ನೋಡಿಕೊಂಡು ಹೊರಗೆ ಬಿಡುವುದು ಎಲ್ಲ ಅವರದೇ. ಹಾಗೆ ನಾಲ್ಕು ವರ್ಷ ಸಿಕ್ಕವು. ಮೋನಮ್ಮ ಆ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ಬಾಗಿಲಲ್ಲಿ ಕೂತಿರುತ್ತಿದ್ದರು, ಅಷ್ಟೇ ಎನ್ನುತ್ತಾರೆ.

ಐದನೆಯ ಚಳಿಗಾಲದ ಮಾಘ ಮಾಸದಲ್ಲಿ ಶಿವರಾಯ ತೀರಿಕೊಂಡರು. ಮಗಳು ಬಂದು ಹೋದಳು. ತನ್ನ ಜೊತೆ ಝರಾಸಂಗಮಕ್ಕೆ ಬಾ ಎಂದು ಕರೆದಳು, ಮೋನಮ್ಮ ಹೋಗಲಿಲ್ಲ. ನೆಂಟರೆಲ್ಲ ಹೋದ ಮೇಲೆ ಒಲೆ ಹಚ್ಚುವುದನ್ನು ಬಿಟ್ಟರು. ಬಂಡಮ್ಮ ತಂದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಒಣಗಿತು. ಕೆಲಸಕ್ಕೂ ಹೋಗಲಿಲ್ಲ. ಹಸಿವು ಎಂಬುದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ ಎನ್ನುತ್ತಾರೆ. ಬಡಗಣ ಗೋಡೆಯ ಬಳಿ ದೊರಿ ಮಲಗಿತ್ತು, ಒಳಗೆ ಮೋನಮ್ಮ ಮಲಗಿದ್ದರು.

ಬಿಸಿಲು ಏರಿದ ಒಂದು ದಿನ ಅಂಗಳದಲ್ಲಿ ಸರಪರ ಸದ್ದಾಯಿತು. ಚಪ್ಪಡಿ ತಳ್ಳಿಕೊಂಡು ದೊರಿ ಹೊರಗೆ ಬಂದಿತ್ತು. ಎಂದಿನಂತೆ ಬಿಸಿಲಿಗೆ ಹೊಟ್ಟೆ ಹಚ್ಚಿತು, ನಾಲಗೆ ಚಾಚಿತು, ಮೂರು ಕಾಲಿನಲ್ಲಿ ಅಂಗಳ ಸುತ್ತಿತು. ಶಿವರಾಯ ಕೂರುತ್ತಿದ್ದ ಜಾಗವನ್ನು ದಾಟಿಯೇ ಹೋಯಿತು, ನಿಲ್ಲಲಿಲ್ಲ. ಮೋನಮ್ಮನಿಗೆ ಅದರ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಸಾಕಿದವನು ಇಲ್ಲ ಎಂಬುದೂ ಇದಕ್ಕೆ ಗೊತ್ತಿಲ್ಲವಲ್ಲ ಎಂದು ಬಾಗಿಲಲ್ಲೇ ಕೂತು ಅತ್ತರು. ಅಲ್ಲಿಯವರೆಗೆ ಅತ್ತಿರಲಿಲ್ಲ. ಬಂಡಮ್ಮ ಬಂದು ಪಕ್ಕದಲ್ಲಿ ಕೂತು, ಮೋನಮ್ಮನ ಕೈ ಎತ್ತಿ ಬಳೆಗಳಿಲ್ಲದ ಮಣಿಕಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದರು. ಉಡದ ಬಾಲವನ್ನು ಮೋನಮ್ಮ ಹಿಡಿದು ನೋಡುವ ಹಾಗೆಯೇ. ಬೆರಳುಗಳು ಒಂದರ ಮೇಲೊಂದು ಹಾಯ್ದವು.

"ಇದು ನಿದ್ದಿ ಅಲ್ಲಕ್ಕ," ಎಂದರು ಬಂಡಮ್ಮ.

ಆ ಸಂಜೆ ಮೋನಮ್ಮ ಒಲೆ ಹಚ್ಚಿದರು. ಮೊದಲು ದೊರಿಗೆ ಮೊಟ್ಟೆ ಇಟ್ಟು, ತಾವು ನಾಲ್ಕು ತುತ್ತು ನುಚ್ಚು ಉಂಡರು. ಮರುದಿನ ಇನ್ನೂ ನಾಲ್ಕು. ವಾರ ಕಳೆದು ಗಣಿಗೆ ಹೋದರು.

ಗುಡ್ಡೆಗಳಲ್ಲಿ ಸಿಕ್ಕ ಉಡಗಳನ್ನು ಮನೆಯಲ್ಲಿಡುವುದಕ್ಕೆ ಅಡ್ಡಿ ಬಂದದ್ದೂ ಉಂಟು. ಮಾರಲು ಕೂಡಿಹಾಕುತ್ತಾಳೆ ಎಂದು ಯಾರೋ ದೂರು ಕೊಟ್ಟು ಅರಣ್ಯ ಕಾವಲುಗಾರರು ಬಂದರು. ಕಾಡುಪ್ರಾಣಿಗಳನ್ನು ಹಿಡಿದಿಡಬಾರದು ಎಂಬ ಕಾಯ್ದೆ ಬಂದಿದೆ ಎಂದು ತಿಳಿಸಿದರು. ಮೋನಮ್ಮ ವಾದ ಮಾಡಲಿಲ್ಲ. ಮಡಕೆಗಳ ಚಪ್ಪಡಿ ಸರಿಸಿ, ಮಲಗಿದವನ್ನು ತೋರಿಸಿ, ಈಗಲೇ ಬಿಟ್ಟರೆ ಓಡಲಾರವು, ಬಿಸಿಲು ಬರಲಿ, ನೀವೇ ಮುಂದೆ ನಿಂತು ಬಿಡಿಸಿರಿ ಎಂದರು. ಕಾವಲುಗಾರರು ಮೇಲಿನವರನ್ನು ಕೇಳಿ ಬಂದು ಒಪ್ಪಿದರು. ಶಿವರಾತ್ರಿ ಕಳೆದ ಮೇಲೆ ಹೇಳಿದಂತೆಯೇ ಬಂದು ನಿಂತರು. ಈಗ ಪ್ರತಿ ವರ್ಷ ಬರುತ್ತಾರೆ. ಹೊಸ ಉಡ ಸಿಕ್ಕಿದ ದಿನವೇ ಮೋನಮ್ಮ ಅವರಿಗೆ ಸುದ್ದಿ ಮುಟ್ಟಿಸುತ್ತಾರೆ.

ದೊರಿಗೆ ಮಾತ್ರ ಹಳ್ಳ ದಕ್ಕುತ್ತಿರಲಿಲ್ಲ, ಮೂರು ಕಾಲಿನದು. ಅದು ಅಂಗಳದಲ್ಲೇ ಉಳಿಯಿತು. ಹೋದ ವರ್ಷ ಎಲ್ಲ ಉಡಗಳೂ ಎದ್ದವು, ದೊರಿ ಏಳಲಿಲ್ಲ. ಬಾಲದ ಬುಡ ದಪ್ಪಗೇ ಇತ್ತು. ಚಕ್ಕೆಗಳ ತೂಕ ಸರಿಯಾಗೇ ಇತ್ತು. ವಯಸ್ಸಾಗಿತ್ತೋ, ಒಳಗೆ ಏನಾಗಿತ್ತೋ, ಗಂಗಾರಾಮನಿಗೂ ತಿಳಿಯಲಿಲ್ಲ.

"ಎಲ್ಲಾ ಗೊತ್ತಾಗ್ತದ ಅಂತ ನಾ ಹೇಳಂಗಿಲ್ಲ ರಿ," ಎನ್ನುತ್ತಾರೆ ಮೋನಮ್ಮ. "ಕೈಲಿಂದ ಮುಟ್ಟಿ ನೋಡಬೇಕು. ನೋಡಿದ ಮ್ಯಾಲೂ ಒಮ್ಮೊಮ್ಮೆ ತಪ್ತದ."

ಗಣಿಯ ಓಣಿಯಲ್ಲಿ ಈಗ ಮನೆಯ ಯಾರಾದರೂ ಊಟ ಬಿಟ್ಟರೆ ಮೋನಮ್ಮನನ್ನು ಕರೆಯುವ ರೂಢಿಯಾಗಿದೆ. ಅವರು ಹೋಗಿ ರಟ್ಟೆ ಮುಟ್ಟಿ ನೋಡಿ, ಔಷಧಿ ಹೇಳುವುದಿಲ್ಲ, ಬಸ್ಸಿನ ಹೊತ್ತು ಹೇಳುತ್ತಾರೆ. ಕೆಮ್ಮುವ ಗಂಡಸರಿಗೆ ಅವರ ಭೇಟಿ ಎಂದರೆ ಸ್ವಲ್ಪ ಅಂಜಿಕೆ. ಮೇಸ್ತ್ರಿ ಕಾಶಪ್ಪ ಹೋದ ವರ್ಷ ಅವರ ಮಾತಿಗೆ ಜಹೀರಾಬಾದಿಗೆ ಹೋಗಿ ಬಂದವರು, ಈಗ ಗುಳಿಗೆ ನುಂಗುತ್ತಿದ್ದಾರೆ. ಬಯಕೆ ಏನಾದರೂ ಇದೆಯೇ ಎಂದರೆ ಮೋನಮ್ಮ ಗುಡ್ಡೆಗಳ ಮಾತೇ ತೆಗೆಯುತ್ತಾರೆ. ಹಳೆಯ ಗುಡ್ಡೆಗಳನ್ನು ಯುಗಾದಿಯ ಆಚೆಗೆ ಬಿಚ್ಚಿದರೆ ಒಳ್ಳೆಯದಿತ್ತು, ಆಗ ಅವು ತಾವೇ ಎದ್ದು ಹೋಗುತ್ತಿದ್ದವು, ನಸುಕಿನಲ್ಲಿ ಹುಡುಕುವುದು ತಪ್ಪುತ್ತಿತ್ತು ಎನ್ನುತ್ತಾರೆ. ಕಾಶಪ್ಪ ಮಾಲೀಕರಿಗೆ ಹೇಳಿ ನೋಡುತ್ತೇನೆ ಎಂದಿದ್ದಾರೆ. ಇನ್ನೂ ಏನೂ ಆಗಿಲ್ಲ.

ಬಿಸಿಲು ಬಲಿತಿದೆ. ಹಳ್ಳದ ದಂಡೆಯ ಕಲ್ಲುಗಳು ಕಾದಿವೆ. ಅರಣ್ಯ ಕಾವಲುಗಾರರು ಮುತ್ತುಗದ ಮರದ ನೆರಳಲ್ಲಿ ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದಾರೆ. ಮೋನಮ್ಮ ಬುಟ್ಟಿಯನ್ನು ಇಳಿಸಿ, ಚೀಲ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ಕೂರುತ್ತಾರೆ. ಉಡ ತಲೆ ಎತ್ತುತ್ತದೆ. ನಾಲಗೆಯಿಂದ ಗಾಳಿಯ ರುಚಿ ನೋಡುತ್ತದೆ. ಮೈ ಕಾದ ಮೇಲೆ ಬುಟ್ಟಿಯ ಅಂಚು ದಾಟಿ, ಹೊಟ್ಟೆ ಎತ್ತಿ, ಬಾಲ ಬೀಸುತ್ತ ಕಲ್ಲುಗಳ ನಡುವೆ ಓಡುತ್ತದೆ. ಹುಲ್ಲು ಅಲುಗುವುದು ಸ್ವಲ್ಪ ದೂರದವರೆಗೆ ಕಾಣುತ್ತದೆ, ಆಮೇಲೆ ಅದೂ ಇಲ್ಲ. ಇಷ್ಟು ದಿನ ಕಾಯ್ದವರ ಕಡೆ ಅದು ಒಮ್ಮೆಯೂ ತಿರುಗಿ ನೋಡಲಿಲ್ಲವಲ್ಲ ಎಂದು ಕಾವಲುಗಾರರು ಕೇಳುತ್ತಾರೆ.

ಮೋನಮ್ಮ ಖಾಲಿ ಬುಟ್ಟಿಯ ಚೀಲ ಕೊಡವಿ ಮಡಿಚುತ್ತಾರೆ.

"ತಿರುಗಿ ನೋಡಿದ್ರ ನನಗ ಫಿಕರ್ ಆಗ್ತಿತ್ತು, ಇನ್ನಾ ಮೈಯಾಗ ಏನೋ ಅದ ಅಂತ," ಎನ್ನುತ್ತಾರೆ. "ನೋಡಲಿಲ್ಲ. ಚಂದ ಹೋತು."